ಮೂಲೆಯ ವಾದ್ಯವನ್ನು ಮುಂದಕ್ಕೆ ತಂದ ಹ್ಯಾಂಪ್ಟನ್

ವೈಬ್ರಾಫೋನ್ ಎಂಬ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಅದರ ನಾದವನ್ನು ಕೇಳದವರು ಮಾತ್ರ ಕಡಿಮೆ. 1950 ಮತ್ತು 60ರ ದಶಕದ ಹಿಂದಿ ಸಿನಿಮಾ ಹಾಡುಗಳಲ್ಲಿ ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು, ನೀರಿನ ಮೇಲೆ ಬೆಳಕು ನಡುಗಿದ ಹಾಗೆ ಲೋಹದ ದನಿಯೊಂದು ತೇಲಿ ಬಂದು ಮಾಯವಾಗುತ್ತದಲ್ಲ, ಅದು ಎಷ್ಟೋ ಸಲ ವೈಬ್ರಾಫೋನಿನದು. ಮುಂಬೈನ ಕೆರ್ಸಿ ಲಾರ್ಡ್ ಅವರಂಥ ವಾದಕರು ಅದನ್ನು ನುಡಿಸುತ್ತಿದ್ದರು. ಅಲ್ಲಿ ಅದು ಅಲಂಕಾರದ ವಾದ್ಯ. ಹುಟ್ಟೂರಾದ ಅಮೆರಿಕದಲ್ಲೂ ಮೊದಮೊದಲು ಅದರ ಪಾಡು ಅಷ್ಟೇ ಆಗಿತ್ತು. ಅದನ್ನು ಮೂಲೆಯಿಂದ ಎಳೆದು ತಂದು ಜಾಜ್ ವೇದಿಕೆಯ ನಡುವೆ ನಿಲ್ಲಿಸಿದವನು ಲಯೊನೆಲ್ ಹ್ಯಾಂಪ್ಟನ್.

ಹ್ಯಾಂಪ್ಟನ್ ಬಗ್ಗೆ ಜಾಜ್ ಲೋಕದಲ್ಲಿ ಎರಡು ದೂರುಗಳಿದ್ದವು. ಮೊದಲನೆಯದು ವಿಮರ್ಶಕರದು. ಕಲಾವಿದನೇನೋ ದೊಡ್ಡವನು, ಆದರೆ ಜನರನ್ನು ರಂಜಿಸುವ ಗೀಳು ಹೆಚ್ಚಾಯಿತು ಎಂಬುದು ಅವರ ಆಕ್ಷೇಪ. ಆತ ಡ್ರಮ್ ಕೋಲುಗಳನ್ನು ಗಾಳಿಗೆ ಎಸೆದು ಹಿಡಿಯುತ್ತಿದ್ದ, ನುಡಿಸುತ್ತಲೇ ಗೊಣಗುತ್ತಿದ್ದ, ಕೂಗುತ್ತಿದ್ದ, ಕುಣಿಯುತ್ತಿದ್ದ. ಎರಡನೆಯ ದೂರು ಆತನ ಮೇಳದಲ್ಲಿ ದುಡಿದವರದು. ಸಂಬಳ ಕಡಿಮೆ ಎಂಬುದು ಅದರ ಸಾರ. ಎರಡೂ ಸುಳ್ಳಲ್ಲ. ಆದರೆ ಆತನ 70 ವರ್ಷದ ವೃತ್ತಿಜೀವನವನ್ನು ತೆರೆದು ನೋಡಿದರೆ, ಈ ಎರಡು ದೂರುಗಳ ಒಳಗೇ ಆತನ ಸಾಧನೆಯ ಗುಟ್ಟೂ ಇರುವುದು ಕಾಣುತ್ತದೆ.

ಮೊದಲು ವಾದ್ಯದ ಮಾತು. ಎತ್ತರದ ಮೇಜಿನಂಥ ಚೌಕಟ್ಟಿನ ಮೇಲೆ ಪಿಯಾನೊ ಮನೆಗಳ ಕ್ರಮದಲ್ಲೇ ಅಲ್ಯೂಮಿನಿಯಂ ಪಟ್ಟಿಗಳನ್ನು ಜೋಡಿಸಿರುತ್ತಾರೆ. ಸಾಮಾನ್ಯವಾಗಿ 37 ಪಟ್ಟಿಗಳು, ಅಂದರೆ ಮೂರು ಸ್ಥಾಯಿ. ತುದಿಗೆ ನೂಲು ಸುತ್ತಿದ ಕೋಲುಗಳಿಂದ ಬಾರಿಸಬೇಕು. ಪ್ರತಿ ಪಟ್ಟಿಯ ಕೆಳಗೂ ನಾದವನ್ನು ಹಿಗ್ಗಿಸುವ ಒಂದು ಕೊಳವೆ. ಕೊಳವೆಯ ಬಾಯಿಯಲ್ಲಿ ಒಂದು ಬಿಲ್ಲೆ. ಪುಟ್ಟ ಮೋಟಾರೊಂದು ಈ ಬಿಲ್ಲೆಗಳನ್ನೆಲ್ಲ ತಿರುಗಿಸುತ್ತ ಇರುತ್ತದೆ. ಬಿಲ್ಲೆ ಬಾಯಿ ಮುಚ್ಚಿದಾಗ ನಾದ ಕುಗ್ಗುತ್ತದೆ, ತೆರೆದಾಗ ಹಿಗ್ಗುತ್ತದೆ. ಆ ನಡುಕ ಬರುವುದು ಹೀಗೆ. ಕಾಲ ಕೆಳಗಿನ ಪೆಡಲ್ ಒತ್ತಿ ಹಿಡಿದರೆ ನಾದ ಉಳಿಯುತ್ತದೆ, ಬಿಟ್ಟರೆ ತಟ್ಟನೆ ನಿಲ್ಲುತ್ತದೆ. ಇಂಡಿಯಾನಾಪೊಲಿಸ್‌ನ ಲೀಡಿ ಕಂಪೆನಿ 1920ರ ದಶಕದ ಆರಂಭದಲ್ಲಿ ಈ ಬಗೆಯ ವಾದ್ಯವನ್ನು ಮಾರಾಟಕ್ಕೆ ತಂದಿತು. ಷಿಕಾಗೊದ ಡೀಗನ್ ಕಂಪೆನಿ 1927ರಲ್ಲಿ ಅಲ್ಯೂಮಿನಿಯಂ ಪಟ್ಟಿ ಮತ್ತು ಪೆಡಲ್ ಸೇರಿಸಿ ಇಂದಿನ ರೂಪ ಕೊಟ್ಟಿತು. ವಿನೋದದ ಪ್ರದರ್ಶನಗಳಲ್ಲಿ, ರೇಡಿಯೊದ ಗಂಟೆ ನಾದಕ್ಕೆ, ಹೀಗೆ ಸಣ್ಣಪುಟ್ಟ ಕೆಲಸಗಳಿಗೆ ಅದರ ಬಳಕೆ.

ಜಾಜ್‌ಗೆ ಈ ವಾದ್ಯ ಒಗ್ಗುವುದು ಕಷ್ಟ ಎನ್ನಲು ಕಾರಣವಿತ್ತು. ಜಾಜ್ ವಾದಕ ನಮ್ಮ ಸಂಗೀತಗಾರರ ಹಾಗೆಯೇ ಮನೋಧರ್ಮವನ್ನು ನೆಚ್ಚಿದವನು. ಒಂದು ಹಾಡಿನ ಚೌಕಟ್ಟು ಹಿಡಿದು ಸ್ಥಳದಲ್ಲೇ ಹೊಸದನ್ನು ಕಟ್ಟುತ್ತ ಹೋಗುತ್ತಾನೆ. ಸ್ವರವನ್ನು ಬಾಗಿಸುವುದು, ಜಾರಿಸುವುದು ಅದರ ಜೀವಾಳ. ಟ್ರಂಪೆಟ್‌ಗೆ, ಸ್ಯಾಕ್ಸೊಫೋನ್‌ಗೆ ಅದು ಸಾಧ್ಯ. ಕದ್ರಿ ಗೋಪಾಲನಾಥ್ ಅವರು ಸ್ಯಾಕ್ಸೊಫೋನಿನಲ್ಲಿ ಗಮಕ ನುಡಿಸಿದ್ದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಲತರಂಗದಲ್ಲೂ ನುರಿತವರು ಬಟ್ಟಲಿನ ನೀರನ್ನು ಮುಟ್ಟಿ ಚೂರುಪಾರು ಗಮಕ ತರುತ್ತಾರೆ. ಲೋಹದ ಪಟ್ಟಿ ಮಾತ್ರ ಬಡಿದಷ್ಟೇ ಹೇಳುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿ ಅದಕ್ಕೆ ಇಲ್ಲ. ಗಮಕವಿಲ್ಲದ ವಾದ್ಯದಿಂದ ಜಾಜ್ ನುಡಿಸುವುದು ಹೇಗೆ? ಲಯದಿಂದ ಎಂಬುದು ಹ್ಯಾಂಪ್ಟನ್ ಕಂಡುಕೊಂಡ ಉತ್ತರ. ಏಕೆಂದರೆ ಆತ ಮೂಲತಃ ಡ್ರಮ್ ವಾದಕ. ಸ್ವರಗಳನ್ನೂ ಆತ ತಾಳವಾದ್ಯದವನ ಹಾಗೇ ಎಸೆಯುತ್ತಿದ್ದ. ಕೆಲವನ್ನು ಏಟಿಗಿಂತ ತುಸು ಮೊದಲು, ಕೆಲವನ್ನು ತುಸು ತಡವಾಗಿ, ಒಂದೇ ಸ್ವರವನ್ನು ಬೇರೆ ಬೇರೆ ತೂಕದಲ್ಲಿ.

ಹ್ಯಾಂಪ್ಟನ್ ಹುಟ್ಟಿದ್ದು 1908ರ ಏಪ್ರಿಲ್ 20ರಂದು, ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಮೊದಲ ಮಹಾಯುದ್ಧಕ್ಕೆ ಹೋದ ಅಪ್ಪ ಕಾಣೆಯಾದವರ ಪಟ್ಟಿಗೆ ಸೇರಿದ. ಎಷ್ಟೋ ವರ್ಷದ ಮೇಲೆ, ಸೈನಿಕರ ಆಸ್ಪತ್ರೆಯೊಂದರಲ್ಲಿ ಕಣ್ಣು ಕಳೆದುಕೊಂಡಿದ್ದ ಅಪ್ಪನನ್ನು ಮಗ ಕಂಡ. ಹುಡುಗನನ್ನು ಬೆಳೆಸಿದ್ದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಅಜ್ಜಿ. ಆಮೇಲೆ ಕುಟುಂಬ ಷಿಕಾಗೊಗೆ ಬಂತು. ದಕ್ಷಿಣದ ರಾಜ್ಯಗಳಿಂದ ಉತ್ತರದ ಕಾರ್ಖಾನೆ ನಗರಗಳಿಗೆ ಕಪ್ಪು ಜನ ಲಕ್ಷಗಟ್ಟಲೆ ಗುಳೆ ಹೋದ ಕಾಲ ಅದು. ಷಿಕಾಗೊದಲ್ಲಿ ಕಪ್ಪು ಜನರದೇ ಆದ 'ಷಿಕಾಗೊ ಡಿಫೆಂಡರ್' ಎಂಬ ಪತ್ರಿಕೆಯಿತ್ತು. ಬೀದಿಯಲ್ಲಿ ಅದನ್ನು ಮಾರುವ ಹುಡುಗರಿಗಾಗಿಯೇ ಒಂದು ಬ್ಯಾಂಡ್ ಇತ್ತು. ಎನ್. ಕ್ಲಾರ್ಕ್ ಸ್ಮಿತ್ ಎಂಬ ಕಟ್ಟುನಿಟ್ಟಿನ ಮೇಷ್ಟರು ಅದಕ್ಕೆ ಗುರು. ಹ್ಯಾಂಪ್ಟನ್ ಪತ್ರಿಕೆ ಮಾರುವ ಹುಡುಗನಾದ, ಬ್ಯಾಂಡ್ ಸೇರಿದ. ಪತ್ರಿಕೆ ಮಾರಿ ಸಂಗೀತ ಕಲಿತವರ ಪಟ್ಟಿ ಮಾಡಿದರೆ ಆತನ ಹೆಸರು ಮೊದಲು ಬಂದೀತು! ಮನೆಯಲ್ಲಿ ಸೋದರಮಾವ ರಿಚರ್ಡ್ ಮಾರ್ಗನ್ ಇದ್ದ. ಪಾನನಿಷೇಧದ ದಿನಗಳಲ್ಲಿ ಕಳ್ಳ ಹೆಂಡದ ವ್ಯಾಪಾರ ಮಾಡಿ ಕಾಸು ಕಂಡವನು. ಸೋದರಳಿಯನಿಗೆ ವಾದ್ಯ ಕೊಡಿಸಿದವನೂ ಅವನೇ.

20ರ ಆಸುಪಾಸಿನಲ್ಲಿ ಹ್ಯಾಂಪ್ಟನ್ ಕ್ಯಾಲಿಫೋರ್ನಿಯಾ ಸೇರಿ, ಲೆಸ್ ಹೈಟ್‌ನ ತಂಡದಲ್ಲಿ ಡ್ರಮ್ ಬಾರಿಸತೊಡಗಿದ. 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಆ ಊರಿಗೆ ಬಂದು ಇದೇ ತಂಡವನ್ನು ಜೊತೆಗಿಟ್ಟುಕೊಂಡ. ಆ ವರ್ಷದ ಅಕ್ಟೋಬರ್ 16ರಂದು ಧ್ವನಿಮುದ್ರಣ. ಹ್ಯಾಂಪ್ಟನ್ ಆಮೇಲೆ ಹೇಳಿಕೊಳ್ಳುತ್ತಿದ್ದ ಪ್ರಕಾರ, ಸ್ಟುಡಿಯೋದ ಮೂಲೆಯಲ್ಲಿ ವೈಬ್ರಾಫೋನ್ ಬಿದ್ದುಕೊಂಡಿತ್ತು. ಇದನ್ನು ನುಡಿಸಲು ಬರುತ್ತದೆಯೇ ಎಂದು ಆರ್ಮ್‌ಸ್ಟ್ರಾಂಗ್ ಕೇಳಿದ. ಮರದ ಪಟ್ಟಿಗಳ ಝೈಲೊಫೋನನ್ನು, ಅಂದರೆ ನಮ್ಮ ಕಾಷ್ಠತರಂಗದ ನೆಂಟನನ್ನು, ಹ್ಯಾಂಪ್ಟನ್ ಷಿಕಾಗೊದಲ್ಲೇ ಕಲಿತಿದ್ದ. ಪಟ್ಟಿಗಳ ಕ್ರಮ ಎರಡರಲ್ಲೂ ಒಂದೇ. 'ಮೆಮೊರೀಸ್ ಆಫ್ ಯು' ಎಂಬ ಹಾಡಿನ ಆ ಧ್ವನಿಮುದ್ರಿಕೆಯ ಆರಂಭದಲ್ಲಿ ವೈಬ್ರಾಫೋನ್ ಕೇಳುತ್ತದೆ. ಜಾಜ್‌ನಲ್ಲಿ ಈ ವಾದ್ಯದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ.

ಆದರೆ ಹೆಸರು ಬಂದದ್ದು ಆರು ವರ್ಷದ ನಂತರ. 1936ರ ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್‌ನ 'ಪ್ಯಾರಡೈಸ್' ಎಂಬ ಕ್ಲಬ್‌ಗೆ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಬಂದ. ಆಗ ಇಡೀ ಅಮೆರಿಕದಲ್ಲಿ ಅವನಷ್ಟು ಜನಪ್ರಿಯನಾದ ಜಾಜ್ ವಾದಕ ಇರಲಿಲ್ಲ. ಹ್ಯಾಂಪ್ಟನ್‌ನನ್ನು ಕೇಳಿದ, ಜೊತೆಗೆ ನುಡಿಸಿದ, ಪಿಯಾನೊದ ಟೆಡ್ಡಿ ವಿಲ್ಸನ್ ಮತ್ತು ಡ್ರಮ್‌ನ ಜೀನ್ ಕ್ರೂಪಾನನ್ನೂ ಕರೆತಂದ. ಅದೇ ತಿಂಗಳು 21ರಂದು ನಾಲ್ವರೂ ಸೇರಿ 'ಮೂನ್‌ಗ್ಲೋ' ಮುದ್ರಿಸಿದರು. ನವೆಂಬರ್‌ನಲ್ಲಿ ಹ್ಯಾಂಪ್ಟನ್ ಕಾರಿನಲ್ಲಿ ನ್ಯೂಯಾರ್ಕಿಗೆ ಹೊರಟ. ಜೊತೆಗಿದ್ದವಳು ಗ್ಲ್ಯಾಡಿಸ್ ರಿಡಲ್, ಹಾಲಿವುಡ್ ನಟಿಯರಿಗೆ ಉಡುಪು ಹೊಲಿಯುತ್ತಿದ್ದಾಕೆ. ದಾರಿಯಲ್ಲಿ ಅರಿಜೋನಾದ ಯೂಮಾ ಎಂಬ ಊರಿನಲ್ಲಿ 11ನೇ ತಾರೀಖು ಮದುವೆಯಾದರು. ಈಕೆಯ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಬೆನ್ನಿ ಗುಡ್‌ಮನ್ ಕ್ವಾರ್ಟೆಟ್‌ನಲ್ಲಿ ಇಬ್ಬರು ಬಿಳಿಯರು, ಇಬ್ಬರು ಕಪ್ಪು ಕಲಾವಿದರು. ಇಂದು ಇದರಲ್ಲೇನು ವಿಶೇಷ ಎನಿಸಬಹುದು. ಆಗ ಕಪ್ಪು, ಬಿಳಿ ವಾದಕರು ನಡುರಾತ್ರಿ ಕ್ಲಬ್‌ಗಳಲ್ಲಿ ಕದ ಹಾಕಿಕೊಂಡು ಜೊತೆಗೆ ನುಡಿಸುವುದಿತ್ತು. ಸ್ಟುಡಿಯೋದ ಗೋಡೆಗಳ ನಡುವೆಯೂ ಇತ್ತು. ಟಿಕೆಟ್ ಕೊಟ್ಟು ಬಂದ ಸಭಿಕರ ಕಣ್ಣೆದುರು, ದೊಡ್ಡ ಹೋಟೆಲಿನ ವೇದಿಕೆಯ ಮೇಲೆ ಒಟ್ಟಿಗೆ ಕೂರುವುದು ಮಾತ್ರ ಬಹುಮಟ್ಟಿಗೆ ಇರಲಿಲ್ಲ. ಬೇಸ್‌ಬಾಲ್‌ನ ದೊಡ್ಡ ಲೀಗ್‌ಗೆ ಜ್ಯಾಕಿ ರಾಬಿನ್‌ಸನ್ ಕಾಲಿಟ್ಟಿದ್ದು 1947ರಲ್ಲಿ. ಗುಡ್‌ಮನ್ ಅದಕ್ಕೂ 11 ವರ್ಷ ಮೊದಲು ಈ ಗೆರೆ ದಾಟಿದ್ದ. ಆದರೂ ದಾಟಿದ ರೀತಿಯನ್ನು ಗಮನಿಸಬೇಕು. ವಿಲ್ಸನ್, ಹ್ಯಾಂಪ್ಟನ್ ಇಬ್ಬರನ್ನೂ ಮೊದಲಿಗೆ ದೊಡ್ಡ ತಂಡದ ಸಾಲಿನಲ್ಲಿ ಕೂರಿಸಲಿಲ್ಲ. ನಡುವೆ ಬಂದು ಹೋಗುವ 'ವಿಶೇಷ ಆಕರ್ಷಣೆ' ಎಂದು ತೋರಿಸಿದರು. ಬಾಗಿಲು ತೆರೆಯಿತು, ಪೂರ್ತಿ ತೆರೆಯಲಿಲ್ಲ. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಗುಡ್‌ಮನ್ ತಂಡದ ಪ್ರಸಿದ್ಧ ಕಚೇರಿ ನಡೆದಾಗ ಕ್ವಾರ್ಟೆಟ್ ಕೂಡ ನುಡಿಸಿತು. ಕೆಲವೇ ವಾರಗಳಲ್ಲಿ ಕ್ರೂಪಾ ತಂಡ ಬಿಟ್ಟ. ಆಗ ಕೊಂಚ ಕಾಲ ದೊಡ್ಡ ತಂಡಕ್ಕೂ ಡ್ರಮ್ ಬಾರಿಸಿದವನು ಹ್ಯಾಂಪ್ಟನ್ನೇ.

ಈ ನಡುವೆ ಆರ್‌ಸಿಎ ವಿಕ್ಟರ್ ಕಂಪೆನಿ ಆತನಿಗೆ ಒಳ್ಳೆಯ ಅವಕಾಶ ಕೊಟ್ಟಿತ್ತು. ಊರಿನಲ್ಲಿ ಯಾವ ಯಾವ ತಂಡದ ವಾದಕರು ಇದ್ದಾರೋ ಅವರಲ್ಲಿ ಬೇಕಾದವರನ್ನು ಆರಿಸಿಕೊಂಡು ಮುದ್ರಿಸಬಹುದು. 1937ರಿಂದ 1941ರವರೆಗಿನ ಈ ಧ್ವನಿಮುದ್ರಿಕೆಗಳು ಆ ಕಾಲದ ಜಾಜ್‌ನ ಹಾಜರಿ ಪುಸ್ತಕದಂತಿವೆ. 1939ರ ಸೆಪ್ಟೆಂಬರ್ 11ರ ಒಂದು ದಿನದ ಸಾಲನ್ನೇ ನೋಡಿ: ಸ್ಯಾಕ್ಸೊಫೋನ್‌ನಲ್ಲಿ ಕೋಲ್‌ಮನ್ ಹಾಕಿನ್ಸ್, ಬೆನ್ ವೆಬ್‌ಸ್ಟರ್, ಚೂ ಬೆರಿ, ಬೆನ್ನಿ ಕಾರ್ಟರ್; ಗಿಟಾರಿನಲ್ಲಿ ಚಾರ್ಲಿ ಕ್ರಿಶ್ಚಿಯನ್; ಟ್ರಂಪೆಟ್‌ನಲ್ಲಿ ಇನ್ನೂ ಹೆಸರು ಮಾಡದ 21 ವರ್ಷದ ಡಿಜ್ಜಿ ಗಿಲೆಸ್ಪಿ. ಕೆಲವು ತಟ್ಟೆಗಳಲ್ಲಿ ಹ್ಯಾಂಪ್ಟನ್ ಪಿಯಾನೊ ನುಡಿಸಿದ್ದಾನೆ, ಅದೂ ಎರಡೇ ಬೆರಳಿನಲ್ಲಿ. ವೈಬ್ರಾಫೋನಿನ ಎರಡು ಕೋಲುಗಳ ಹಾಗೆ ಎರಡು ತೋರುಬೆರಳನ್ನು ಓಡಿಸುವ ಆ ವೇಗ ನಗು ಬರಿಸುತ್ತದೆ, ಬೆರಗನ್ನೂ.

1940ರಲ್ಲಿ ಆತ ಸ್ವಂತ ಮೇಳ ಕಟ್ಟಿದ. ಅದಕ್ಕೆ ಹೆಸರು ತಂದದ್ದು 1942ರ ಮೇ 26ರಂದು ಡೆಕ್ಕಾ ಕಂಪೆನಿಗೆ ಮುದ್ರಿಸಿದ 'ಫ್ಲೈಯಿಂಗ್ ಹೋಮ್'. ಮೊದಲ ಸಲ ವಿಮಾನ ಹತ್ತಿದಾಗ ಗುನುಗಿದ ಧಾಟಿ ಅದು ಎಂದು ಹ್ಯಾಂಪ್ಟನ್ ಹೇಳುತ್ತಿದ್ದ. ಗುಡ್‌ಮನ್ ತಂಡ 1939ರಲ್ಲೇ ಅದನ್ನು ಮುದ್ರಿಸಿತ್ತು. ಹ್ಯಾಂಪ್ಟನ್ ಮೇಳ ಅದಕ್ಕೆ ಬೆಂಕಿ ಹಚ್ಚಿತು. ರಿಫ್ ಎಂಬ ನಾಲ್ಕಾರು ಸ್ವರಗಳ ತುಣುಕನ್ನು ಹಿತ್ತಾಳೆ ವಾದ್ಯಗಳ ಇಡೀ ಸಾಲು ಮತ್ತೆ ಮತ್ತೆ ಬಾರಿಸುತ್ತದೆ. ಅದರ ಮೇಲೆ ಏರಿ ಬರುವುದು ಇಲಿನಾಯ್ ಜಕೆಟ್‌ನ ಟೆನರ್ ಸ್ಯಾಕ್ಸೊಫೋನ್. ಜಕೆಟ್‌ಗೆ ಆಗ ಇನ್ನೂ 20 ತುಂಬಿರಲಿಲ್ಲ. ಚಿಕ್ಕ ಗಾತ್ರದ ಆಲ್ಟೊ ನುಡಿಸುತ್ತಿದ್ದ ಹುಡುಗನ ಕೈಗೆ ಟೆನರ್ ಕೊಟ್ಟವನು ಹ್ಯಾಂಪ್ಟನ್. ಆ ಏಕವಾದನ ಎಷ್ಟು ಜನಪ್ರಿಯವಾಯಿತೆಂದರೆ, ಜಕೆಟ್ ತಂಡ ಬಿಟ್ಟ ಮೇಲೆ ಆ ಕುರ್ಚಿಗೆ ಬಂದವರೂ ಅದನ್ನು ಬಾಯಿಪಾಠ ಮಾಡಿ ನುಡಿಸಬೇಕಾಯಿತು. ಮನೋಧರ್ಮದ ಸಂಗೀತದಲ್ಲಿ ಇದೊಂದು ತಮಾಷೆಯ ಸಂಗತಿ: ಒಬ್ಬನ ಕ್ಷಣದ ಹುಮ್ಮಸ್ಸು ಇನ್ನೊಬ್ಬನಿಗೆ ಪಾಠವಾಯಿತು. ಮುಂದೆ ರಿದಮ್ ಅಂಡ್ ಬ್ಲೂಸ್, ಆಮೇಲೆ ರಾಕ್ ಅಂಡ್ ರೋಲ್ ಎಂದು ಕರೆಸಿಕೊಂಡ ಸಂಗೀತದ ಬೀಜವನ್ನು ಈ ಧ್ವನಿಮುದ್ರಿಕೆಯಲ್ಲಿ ಗುರುತಿಸುವವರಿದ್ದಾರೆ.

ರಂಜನೆಯ ದೂರು ಬಲವಾದದ್ದು ಈ ಕಾಲದಲ್ಲೇ. ಆದರೆ ಅದೇ ಕಾಲದ ಲೆಕ್ಕವನ್ನೂ ನೋಡಬೇಕು. ಯುದ್ಧ ಮುಗಿದ ಮೇಲೆ ಹದಿನೈದು, ಇಪ್ಪತ್ತು ಜನರ ಮೇಳ ನಡೆಸುವುದು ದುಬಾರಿಯಾಯಿತು. ನೃತ್ಯಶಾಲೆಗಳಿಗೆ ಜನ ಕಡಿಮೆಯಾದರು. 1946ರ ಕೊನೆಯ ವಾರಗಳಲ್ಲಿ ಗುಡ್‌ಮನ್, ಟಾಮಿ ಡಾರ್ಸಿ, ವುಡಿ ಹರ್ಮನ್, ಹ್ಯಾರಿ ಜೇಮ್ಸ್ ಮುಂತಾದ ದೊಡ್ಡ ದೊಡ್ಡವರೇ ಒಬ್ಬರ ಹಿಂದೊಬ್ಬರಂತೆ ಮೇಳ ಮುಚ್ಚಿದರು. ಹ್ಯಾಂಪ್ಟನ್ ಮುಚ್ಚಲಿಲ್ಲ. ಅದೇ ವರ್ಷ 'ಹೇ! ಬಾ-ಬಾ-ರೀ-ಬಾಪ್' ಎಂಬ ಹಾಡು ಕಪ್ಪು ಜನರ ಬೀದಿಗಳಲ್ಲೆಲ್ಲ ಗುನುಗಾಗಿತ್ತು. ಕುಣಿತ, ಕೂಗು, ಕೋಲೆಸೆತ ಎಲ್ಲ ಕಲೆಗೆ ಕುಂದು ಎಂದವರ ಮಾತು ಒಂದು ಮಟ್ಟಕ್ಕೆ ಸರಿ. ಆತನ ಎಷ್ಟೋ ಧ್ವನಿಮುದ್ರಿಕೆಗಳು ಗದ್ದಲದಲ್ಲೇ ಮುಗಿದುಹೋಗುತ್ತವೆ. ಆದರೆ ಟಿಕೆಟ್ ಮಾರಿಸಿದ್ದು ಆ ಗದ್ದಲ. ಮೇಳ ಉಳಿದದ್ದು ಆ ಟಿಕೆಟ್ಟಿನಿಂದ. ಅದೇ 'ಗದ್ದಲದವನು' 1947ರಲ್ಲಿ 'ಮಿಡ್‌ನೈಟ್ ಸನ್' ಎಂಬ, ಮಂಜಿನಂತೆ ಇಳಿಯುವ ವಿಳಂಬದ ರಚನೆಯನ್ನು ಸನ್ನಿ ಬರ್ಕ್ ಜೊತೆ ಸೇರಿ ಕೊಟ್ಟ ಎಂಬುದನ್ನೂ ಮರೆಯಬಾರದು.

ಉಳಿದ ಮೇಳ ಶಾಲೆಯಾಯಿತು. ಡೆಕ್ಸ್ಟರ್ ಗಾರ್ಡನ್ 17ನೇ ವಯಸ್ಸಿಗೆ ಇಲ್ಲಿ ಸೇರಿದ. ಷಿಕಾಗೊದಿಂದ ಬಂದ ರೂತ್ ಜೋನ್ಸ್ ಎಂಬ ಹುಡುಗಿ ಈ ಮೇಳದ ಗಾಯಕಿಯಾಗಿ ಡೈನಾ ವಾಷಿಂಗ್ಟನ್ ಎಂಬ ಹೆಸರಿನಿಂದ ಪ್ರಸಿದ್ಧಳಾದಳು. ಆ ಹೆಸರಿಟ್ಟವನು ತಾನೇ ಎಂದು ಹ್ಯಾಂಪ್ಟನ್ ಹೇಳಿಕೊಂಡ, ಹಾಗೆ ಹೇಳಿಕೊಂಡವರು ಬೇರೆಯವರೂ ಇದ್ದರು. ಚಾರ್ಲ್ಸ್ ಮಿಂಗಸ್ ಬಾಸ್ ನುಡಿಸಿದ. ಸ್ವರಲಿಪಿ ಓದಲು ಬಾರದ, ತಟ್ಟೆ ಕೇಳಿಯೇ ಗಿಟಾರ್ ಕಲಿತ ವೆಸ್ ಮಾಂಟ್‌ಗಮರಿ ಎರಡು ವರ್ಷ ತಿರುಗಾಡಿ, ಮನೆಯ ನೆನಪಾಗಿ ಊರಿಗೆ ಮರಳಿದ. ಅವನ ಅಣ್ಣ ಮಾಂಕ್, 1950ರ ದಶಕದ ಆರಂಭದಲ್ಲಿ, ಜಾಜ್ ಮೇಳದಲ್ಲಿ ಎಲೆಕ್ಟ್ರಿಕ್ ಬಾಸ್ ಹಿಡಿದ ಮೊದಲಿಗರ ಪೈಕಿ ಒಬ್ಬನಾದ. ಬೆಟ್ಟಿ ಕಾರ್ಟರ್ ಹಾಡುತ್ತಿದ್ದಾಗ ಹ್ಯಾಂಪ್ಟನ್ ಆಕೆಯನ್ನು ಹಲವು ಬಾರಿ ಕೆಲಸದಿಂದ ತೆಗೆದ. ಪ್ರತಿ ಸಲವೂ ಗ್ಲ್ಯಾಡಿಸ್ ಮತ್ತೆ ಸೇರಿಸಿಕೊಂಡಳಂತೆ.

ಗ್ಲ್ಯಾಡಿಸ್ ಇಲ್ಲದೆ ಈ ಮೇಳದ ಕಥೆ ಪೂರ್ತಿಯಾಗದು. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ತಿರುಗಾಟದ ದಿನಗಳಲ್ಲಿ ರಾತ್ರಿಗೊಂದು ಊರಿನಂತೆ ಆಡುತ್ತ ಹೋಗುತ್ತವಲ್ಲ, ಅಮೆರಿಕದ ಜಾಜ್ ಮೇಳಗಳ ಬದುಕೂ ಹಾಗೇ. ಬಸ್ಸು, ಪ್ರದರ್ಶನ, ಮತ್ತೆ ಬಸ್ಸು. ದಕ್ಷಿಣದ ಊರುಗಳಲ್ಲಿ ಕಪ್ಪು ಕಲಾವಿದರಿಗೆ ಹೋಟೆಲಿನಲ್ಲಿ ಕೋಣೆ ಸಿಗುತ್ತಿರಲಿಲ್ಲ, ತಮ್ಮವರ ಮನೆಗಳಲ್ಲೇ ತಂಗಬೇಕಿತ್ತು. ಇಂಥ ತಿರುಗಾಟದ ಯಜಮಾನಿಕೆ ಗ್ಲ್ಯಾಡಿಸ್‌ಳದು. ಒಪ್ಪಂದ, ಹಣ, ಸಂಬಳ, ದಂಡ ಎಲ್ಲ ಆಕೆಯ ಕೈಯಲ್ಲಿ. ಮುಂದೆ ಗ್ಲ್ಯಾಡ್-ಹ್ಯಾಂಪ್ ಎಂಬ ಧ್ವನಿಮುದ್ರಿಕೆ ಕಂಪೆನಿಯೂ ಬಂತು. ದಂಪತಿಗೆ ಮಕ್ಕಳಿರಲಿಲ್ಲ. ಹಣದ ವಿಷಯದಲ್ಲಿ ಬಿಗಿ ಎಂದು ವಾದಕರು ಆಕೆಯನ್ನು ದೂರಿದರು. ಆಕೆಯ ಇನ್ನೊಂದು ಮುಖವನ್ನು ಕ್ವಿನ್ಸಿ ಜೋನ್ಸ್ ನೆನೆಯುತ್ತಿದ್ದ. 15 ವರ್ಷದವನಿದ್ದಾಗ, ಮೇಳಕ್ಕೆ ಆಯ್ಕೆಯಾದ ಖುಷಿಯಲ್ಲಿ, ಯಾರ ಮನಸ್ಸು ಬದಲಾದೀತೋ ಎಂದು ಮೊದಲೇ ಹೋಗಿ ಬಸ್ಸಿನಲ್ಲಿ ಕೂತುಬಿಟ್ಟಿದ್ದನಂತೆ. ಗ್ಲ್ಯಾಡಿಸ್ ನೋಡಿದವಳೇ ಹುಡುಗನನ್ನು ಕೆಳಗಿಳಿಸಿ, ಮೊದಲು ಶಾಲೆ ಮುಗಿಸು ಎಂದು ಕಳಿಸಿದಳು. ಮೂರು ವರ್ಷ ಕಳೆದು 1951ರಲ್ಲಿ ಆತ ಸೇರಿಯೇ ಸೇರಿದ.

ಈ ಬಿಗಿ ಮತ್ತು ಪ್ರತಿಭೆ ಮುಖಾಮುಖಿಯಾದದ್ದು 1953ರ ಯುರೋಪ್ ಪ್ರವಾಸದಲ್ಲಿ. ಆ ವರ್ಷದ ಮೇಳದಲ್ಲಿ ಟ್ರಂಪೆಟ್ ಸಾಲಿನಲ್ಲೇ ಕ್ಲಿಫರ್ಡ್ ಬ್ರೌನ್, ಆರ್ಟ್ ಫಾರ್ಮರ್, ಕ್ವಿನ್ಸಿ ಜೋನ್ಸ್ ಮೂವರೂ ಇದ್ದರು. ಪ್ರವಾಸದಲ್ಲಿ ಯಾರೂ ಹೊರಗೆ ಧ್ವನಿಮುದ್ರಣ ಮಾಡಕೂಡದು, ಮಾಡಿದರೆ ಕೆಲಸ ಹೋಯಿತು ಎಂಬ ಕಟ್ಟಳೆ. ಸ್ಟಾಕ್‌ಹೋಮ್‌ನಲ್ಲಿ, ಪ್ಯಾರಿಸ್‌ನಲ್ಲಿ ಸ್ಥಳೀಯ ಕಂಪೆನಿಗಳವರು ಈ ಹುಡುಗರಿಗಾಗಿ ಕಾದಿದ್ದರು. ಹುಡುಗರು ಪ್ರದರ್ಶನ ಮುಗಿಸಿ, ಮಲಗಲು ಹೋದವರಂತೆ ನಟಿಸಿ, ಹೋಟೆಲಿನಿಂದ ಕಣ್ಣು ತಪ್ಪಿಸಿ ಹೊರಬಿದ್ದು, ಬೆಳಗಿನ ಜಾವದವರೆಗೆ ನುಡಿಸಿ ಬಂದರು. ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬ್ರೌನ್ ಮತ್ತು ಫಾರ್ಮರ್ ಸ್ವೀಡನ್ನಿನ ವಾದಕರ ಜೊತೆ ಮುದ್ರಿಸಿದ ತುಣುಕುಗಳು ಇಂದಿಗೂ ಜಾಜ್ ಪ್ರಿಯರ ಆಸ್ತಿ. ಆ ಪ್ರವಾಸದ ಬಗ್ಗೆ ಮಾತಾಡುವವರು ಹ್ಯಾಂಪ್ಟನ್ ನುಡಿಸಿದ್ದಕ್ಕಿಂತ ಆತನ ಕಣ್ತಪ್ಪಿಸಿ ನುಡಿಸಿದ್ದನ್ನೇ ಹೆಚ್ಚು ನೆನೆಯುತ್ತಾರೆ. ಮರಳಿದ ಮೇಲೆ ಬಹಳ ಜನ ಮೇಳ ಬಿಟ್ಟರು. ಮೂರೇ ವರ್ಷದಲ್ಲಿ, 25ನೇ ವಯಸ್ಸಿಗೆ, ಬ್ರೌನ್ ಕಾರು ಅಪಘಾತದಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಕೆಲವೇ ಧ್ವನಿಮುದ್ರಿಕೆಗಳಲ್ಲಿ ಕಟ್ಟಳೆ ಮುರಿದು ಮಾಡಿದವೂ ಸೇರಿವೆ. ಇಲ್ಲಿ ನ್ಯಾಯ ವಾದಕರ ಕಡೆಗಿತ್ತು ಎನ್ನದೆ ವಿಧಿಯಿಲ್ಲ. ಆದರೆ ಅವರನ್ನೆಲ್ಲ ಒಂದೇ ಬಸ್ಸಿನಲ್ಲಿ ಕೂರಿಸಿದ್ದು, ಸಾಗರ ದಾಟಿಸಿದ್ದು ಅದೇ ಬಿಗಿ ಮುಷ್ಟಿ.

ವೈಬ್ರಾಫೋನ್ ಅಷ್ಟರಲ್ಲಿ ಬೇರೆ ಕೈಗಳಿಗೂ ಹೋಗಿತ್ತು. ಝೈಲೊಫೋನಿನಿಂದ ಬಂದ ರೆಡ್ ನಾರ್ವೊ ಮೋಟಾರನ್ನು ನಿಲ್ಲಿಸಿ ನಡುಕವಿಲ್ಲದ ನಾದ ತೆಗೆದ. ಮಾಡರ್ನ್ ಜಾಜ್ ಕ್ವಾರ್ಟೆಟ್‌ನ ಮಿಲ್ಟ್ ಜ್ಯಾಕ್‌ಸನ್ ಮೋಟಾರನ್ನು ನಿಧಾನಗೊಳಿಸಿ, ಮನುಷ್ಯ ಕಂಠದ ಉಸಿರಾಟಕ್ಕೆ ಹತ್ತಿರವಾದ. ಗ್ಯಾರಿ ಬರ್ಟನ್ ನಾಲ್ಕು ಕೋಲು ಹಿಡಿದು ಅದನ್ನು ಪಿಯಾನೊದಂತೆ ನುಡಿಸಿದ. ಇವರ ಮುಂದೆ ಹ್ಯಾಂಪ್ಟನ್‌ನ ಎರಡು ಕೋಲು, ವೇಗದ ನಡುಕ ಹಳೆಯದೆನಿಸಿತು. ಆತ ಬದಲಾಗಲಿಲ್ಲ.

1971ರಲ್ಲಿ ಗ್ಲ್ಯಾಡಿಸ್ ತೀರಿಕೊಂಡಳು. ಮುಂದೆ ಹಾರ್ಲೆಮ್‌ನಲ್ಲಿ ಕಡಿಮೆ ಆದಾಯದವರಿಗಾಗಿ ಎದ್ದ ವಸತಿ ಸಮುಚ್ಚಯಗಳಿಗೆ ಹ್ಯಾಂಪ್ಟನ್ ಓಡಾಡಿದ. ಅವುಗಳಲ್ಲಿ ಒಂದಕ್ಕೆ ಆತನ ಹೆಸರು, ಇನ್ನೊಂದಕ್ಕೆ ಆಕೆಯ ಹೆಸರು. ಜಾಜ್ ಕಲಾವಿದರಲ್ಲಿ ಅಪರೂಪವೆನಿಸುವಂತೆ ಆತ ರಿಪಬ್ಲಿಕನ್ ಪಕ್ಷದವನು, ಆ ಸ್ನೇಹಗಳು ಈ ಕೆಲಸಕ್ಕೆ ಒದಗಿಬಂದವು. ಇಡಾಹೊ ವಿಶ್ವವಿದ್ಯಾಲಯ 1985ರಲ್ಲಿ ತನ್ನ ಜಾಜ್ ಉತ್ಸವಕ್ಕೂ, 1987ರಲ್ಲಿ ಸಂಗೀತ ಶಾಲೆಗೂ ಆತನ ಹೆಸರಿಟ್ಟಿತು. ಆ ಊರಿನ ಹೆಸರು ಮಾಸ್ಕೋ, ರಷ್ಯಾದ ಮಾಸ್ಕೋ ಅಲ್ಲ. ಪ್ರತಿ ವರ್ಷ ಶಾಲಾ ಮಕ್ಕಳು ದಂಡುಕಟ್ಟಿ ಬಂದು ನುಡಿಸುವ ಆ ಉತ್ಸವಕ್ಕೆ ಹ್ಯಾಂಪ್ಟನ್ ವಯಸ್ಸಾದ ಮೇಲೂ ಹೋಗುತ್ತಿದ್ದ.

1997ರ ಜನವರಿಯಲ್ಲಿ ನ್ಯೂಯಾರ್ಕಿನ ಆತನ ಮನೆಗೆ ಬೆಂಕಿ ಬಿತ್ತು. ದೀಪವೊಂದು ಉರುಳಿ ಹತ್ತಿದ ಬೆಂಕಿ. 88 ವರ್ಷದ, ಪಾರ್ಶ್ವವಾಯುವಿನಿಂದ ಕುಗ್ಗಿದ್ದ ಹ್ಯಾಂಪ್ಟನ್ ಬದುಕುಳಿದ. ವಾದ್ಯ, ಚಿತ್ರ, ಕಾಗದಪತ್ರ, ಬಟ್ಟೆಬರೆ ಸುಟ್ಟುಹೋದವು. ಎರಡು ದಿನ ಬಿಟ್ಟು ಶ್ವೇತಭವನದಲ್ಲಿ ಅಧ್ಯಕ್ಷ ಕ್ಲಿಂಟನ್ ಆತನಿಗೆ ರಾಷ್ಟ್ರೀಯ ಕಲಾ ಪದಕ ಕೊಡುವುದಿತ್ತು. ಬೇರೆಯವರ ಸೂಟು ತೊಟ್ಟು ಹೋಗಿ ಪದಕ ತೆಗೆದುಕೊಂಡ. 2001ರಲ್ಲಿ ಆತ ನುಡಿಸಿದ ವೈಬ್ರಾಫೋನೊಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಸೇರಿತು. 2002ರ ಆಗಸ್ಟ್ 31ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಹ್ಯಾಂಪ್ಟನ್ ತೀರಿಕೊಂಡ. ಸಮಾಧಿ ಬ್ರಾಂಕ್ಸ್‌ನ ವುಡ್‌ಲಾನ್ ಸ್ಮಶಾನದಲ್ಲಿದೆ. 'ಫ್ಲೈಯಿಂಗ್ ಹೋಮ್' ನುಡಿಸಿದ ಇಲಿನಾಯ್ ಜಕೆಟ್‌ನನ್ನೂ ಎರಡು ವರ್ಷದ ನಂತರ ಅಲ್ಲೇ ಮಣ್ಣು ಮಾಡಿದರು.